ಒಳಗಿನವಳು ಕೈ ಎತ್ತುವವರೆಗೆ

ಬೆಂಚಿನ ಮೇಲೆ ಕುಳಿತವರಿಗೆ ಆಟ ಬೇರೆ ಥರ ಕೇಳಿಸುತ್ತದೆ. ಚೆಂಡು ಸಿಮೆಂಟಿಗೆ ಬಡಿಯುವ ಸದ್ದು, ಶೂಗಳ ಕಿರುಗುಟ್ಟುವಿಕೆ, ರೆಫರಿಯ ಸೀಟಿ, ಕಾಂಪೌಂಡಿನಾಚೆ ದಾವಣಗೆರೆ ಬಸ್ಸಿನ ಹಾರನ್ನು. ಇವುಗಳ ನಡುವೆ ಪುಷ್ಪಾಳಿಗೆ ಒಂದು ಮೌನವೂ ಕೇಳಿಸುತ್ತಿತ್ತು. ಪ್ರತಿ ಮ್ಯಾಚಿನಲ್ಲೂ ಅದು ಬರುತ್ತಿತ್ತು. ಕೋರ್ಟಿನಲ್ಲಿ ಆಡುತ್ತಿದ್ದ ಲಲಿತಾಬಾಯಿ ಬಲಗೈ ಎತ್ತುತ್ತಿದ್ದಳು. ಬೆಂಚಿನಲ್ಲಿದ್ದವರೆಲ್ಲ ಒಮ್ಮೆಗೇ ಸುಮ್ಮನಾಗುತ್ತಿದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನೀರಿನ ಬಾಟಲಿ ಬಾಯಿಗೆತ್ತಿದವರು ಎತ್ತಿದಂತೆಯೇ ಇರುತ್ತಿದ್ದರು. ಆಮೇಲೆ ಬೆಂಚಿನ ತುದಿಯಿಂದ ರಕ್ಷಾ ಎದ್ದು, ಮೇಲಿನ ಜರ್ಕಿನ್ ಕಳಚಿ, ಸ್ಕೋರ್ ಬರೆಯುವವರ ಟೇಬಲ್ಲಿನತ್ತ ಓಡುತ್ತಿದ್ದಳು. ಬಜರ್ ಕೂಗುತ್ತಿತ್ತು. ಲಲಿತಾಬಾಯಿ ಹೊರಗೆ, ರಕ್ಷಾ ಒಳಗೆ. ಬೆಂಚು ಮತ್ತೆ ಮಾತಾಡತೊಡಗುತ್ತಿತ್ತು.

ಪುಷ್ಪಾ ಕಾಲೇಜಿನ ಈ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಬಂದದ್ದು ಈ ವರ್ಷ. ಊರು ಜಗಳೂರಿನ ಬಳಿ. ಅಪ್ಪ ತಿಪ್ಪೇಶಪ್ಪ ಜಗಳೂರಿನ ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅವಳು ಹೈಸ್ಕೂಲಿನಲ್ಲಿದ್ದಾಗ ಗೇಟಿಗೆ ತಂದು ಮಿಕ್ಕಿದ್ದ ಸರಳನ್ನು ಬಗ್ಗಿಸಿ ಒಂದು ರಿಂಗು ಮಾಡಿ, ಶಾಲೆಯ ಹಿಂದಿನ ಗೋಡೆಗೆ ಅವನೇ ಕೂರಿಸಿದ್ದ. ಸರಳು ಸಾಲದೆ ರಿಂಗು ಅಳತೆಗಿಂತ ಸಣ್ಣದಾಗಿತ್ತು. ಅದರೊಳಗೆ ಚೆಂಡು ಹಾಕಲು ಕಲಿತವಳಿಗೆ ಚನ್ನಗಿರಿಯ ಕಾಲೇಜಿನ ರಿಂಗು ಬಾವಿಯ ಬಾಯಿಯಷ್ಟು ಅಗಲವಾಗಿ ಕಂಡಿತು. ಡಿಗ್ರಿಗೆ ಹತ್ತಿರದ ಊರುಗಳನ್ನೆಲ್ಲ ಬಿಟ್ಟು ಚನ್ನಗಿರಿಗೆ ಬಂದು ಹಾಸ್ಟೆಲ್ ಸೇರಿದ್ದೇ ಆ ಕೋರ್ಟಿಗಾಗಿ.

ತಂಡ ದೊಡ್ಡದು. ಹನ್ನೆರಡು ಹುಡುಗಿಯರು, ಯಾರೂ ಯಾರಿಗೂ ಕಡಿಮೆಯಿಲ್ಲ. ಚೆಂಡನ್ನು ತಮ್ಮ ಕಡೆಯಿಂದ ಎದುರಾಳಿಯ ಕಡೆಗೆ ಒಯ್ಯುವ ಗಾರ್ಡ್‌ಗಳೇ ನಾಲ್ವರು. ಕ್ಯಾಪ್ಟನ್ ಯಶೋಧರಾ ಹೊನ್ನಾಳಿಯವಳು, ಅವಳು ಕೊನೆಯ ಸೀಟಿಯವರೆಗೂ ಕೋರ್ಟು ಬಿಡುತ್ತಿರಲಿಲ್ಲ. ಉಳಿದ ಒಂದು ಜಾಗಕ್ಕೆ ಮೂವರು. ಸೂರಗೊಂಡನಕೊಪ್ಪದ ಲಲಿತಾಬಾಯಿ, ಗೋವಿನಕೋವಿಯ ರಕ್ಷಾ, ಮತ್ತು ಪುಷ್ಪಾ. ಲಲಿತಾಬಾಯಿ ಆಟ ಶುರು ಮಾಡುತ್ತಿದ್ದಳು. ಅವಳು ಕೈ ಎತ್ತಿದ ಮೇಲೆ ರಕ್ಷಾ. ಪುಷ್ಪಾ ಟವೆಲ್ ಮಡಿಸುತ್ತಿದ್ದಳು.

ಪ್ರಾಕ್ಟೀಸಿನಲ್ಲಿ ಹೀಗಿರಲಿಲ್ಲ. ಬೆಳಗಿನ ಹೊತ್ತು ಒಬ್ಬರೆದುರು ಒಬ್ಬರನ್ನು ಬಿಟ್ಟಾಗ ಪುಷ್ಪಾ ರಕ್ಷಾಳನ್ನು ದಾಟಿ ಹೋಗುತ್ತಿದ್ದಳು, ಒಮ್ಮೆಯಲ್ಲ, ಮತ್ತೆ ಮತ್ತೆ. ಊರಿನ ಮಣ್ಣಿನ ನೆಲದಲ್ಲಿ ಆಡಿದವಳು ಚೆಂಡನ್ನು ಮೊಣಕಾಲಿಗಿಂತ ಮೇಲೆ ಏಳಗೊಡುತ್ತಿರಲಿಲ್ಲ. ಕಸಿಯಲು ಬಂದವರ ಕೈಗೆ ಗಾಳಿ ಸಿಗುತ್ತಿತ್ತು.

"ಏ, ಇದೇನೇ ಇದು, ಚೆಂಡು ಉರುಳಿಸ್ತಾಳೋ ಆಡ್ತಾಳೋ!" ಎಂದು ರಕ್ಷಾ ಕೈ ಚೆಲ್ಲುತ್ತಿದ್ದಳು.

"ನೀನು ಬಗ್ಗು ಹಂಗಾರೆ," ಎನ್ನುತ್ತಿದ್ದಳು ಲಲಿತಾಬಾಯಿ. "ಗೋವಿನಕೋವಿಯೋರಿಗೆ ಸೊಂಟ ಬಗ್ಗಲ್ಲ ಅಂತ ಕಾಣ್ತೈತೆ."

ಪುಷ್ಪಾ ನಗುತ್ತಿರಲಿಲ್ಲ, ಉತ್ತರ ಕೊಡುತ್ತಿರಲಿಲ್ಲ. ಅವಳಿಗೆ ಮಾತು ಬರುತ್ತಿರಲಿಲ್ಲವೆಂದಲ್ಲ. ಮೊದಲ ವಾರ ಸುಮ್ಮನಿದ್ದಳು, ಆಮೇಲೆ ಸುಮ್ಮನಿರುವುದೇ ಅವಳ ಗುರುತಾಯಿತು. ಅದನ್ನು ಕಳಚಿ ಇಡುವುದು ಹೇಗೆಂದು ತಿಳಿಯಲಿಲ್ಲ.

ಕೋಚ್ ಚಿಕ್ಕಹನುಮಂತಪ್ಪ ಸರ್ ಅವಳಿಗಿಂತಲೂ ಮೌನಿ. ಕಾಲೇಜಿನ ದೈಹಿಕ ಶಿಕ್ಷಣದ ಮೇಷ್ಟ್ರು, ನಿವೃತ್ತಿಗೆ ಹತ್ತಿರವಾದವರು. ಪ್ರಾಕ್ಟೀಸಿನಲ್ಲಿ ಯಾರಾದರೂ ತಪ್ಪು ಪಾಸ್ ಕೊಟ್ಟರೆ ಚೆಂಡನ್ನು ತಾವೇ ಎತ್ತಿಕೊಂಡು ಬಂದು, ತಪ್ಪು ಶುರುವಾದ ಜಾಗದಲ್ಲಿ ಇಟ್ಟು, ದೂರ ಹೋಗಿ ನಿಲ್ಲುತ್ತಿದ್ದರು. ಅದೇ ಬೈಗುಳ. ಮ್ಯಾಚಿನ ದಿನ ಬೆಂಚಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರೆ ಮುಗಿಯಿತು. ಬೇರೆ ತಂಡದ ಕೋಚುಗಳು ಗೆರೆಯುದ್ದಕ್ಕೂ ಓಡಾಡಿ ಗಂಟಲು ಹರಿದುಕೊಳ್ಳುವಾಗ ಇವರು ಕಾಲ ಮೇಲೆ ಕಾಲು ಹಾಕಿ ರಿಂಗು ನೋಡುತ್ತಿದ್ದರು. ಯಾರ ಹೆಸರನ್ನೂ ಕರೆಯುತ್ತಿರಲಿಲ್ಲ.

ಯಾರು ಯಾವಾಗ ಒಳಗೆ ಹೋಗಬೇಕೆಂಬುದನ್ನು ಸರ್ ಮೊದಲೇ ಹೇಳಿಟ್ಟಿರುತ್ತಾರೆ, ತನಗೊಬ್ಬಳಿಗೆ ಹೇಳಿಲ್ಲ ಎಂದು ಪುಷ್ಪಾ ತಿಳಿದಿದ್ದಳು. ಯಾಕೆ ಹೇಳಿಲ್ಲ ಎಂಬುದಕ್ಕೆ ರಾತ್ರಿ ಮಲಗುವಾಗ ಒಂದು ಕಾರಣ, ಬೆಳಗ್ಗೆ ಹಲ್ಲುಜ್ಜುವಾಗ ಇನ್ನೊಂದು ಕಾರಣ ಹೊಳೆಯುತ್ತಿತ್ತು. ಹೊಸಬಳು ಎಂದಿರಬಹುದು. ದೂರದವಳು ಎಂದಿರಬಹುದು. ಅದಕ್ಕಿಂತ ಕೆಟ್ಟ ಕಾರಣಗಳೂ ಹೊಳೆಯುತ್ತಿದ್ದವು. ನ್ಯಾಮತಿಯಲ್ಲಿ ನಡೆದ ಮ್ಯಾಚಿನಲ್ಲಿ ತಂಡ ಸುಲಭವಾಗಿ ಗೆಲ್ಲುತ್ತಿತ್ತು, ಆಗಲೂ ಅವಳು ಬೆಂಚಿನಲ್ಲೇ ಇದ್ದಳು. ಆ ಮೌನ ಬಂತು, ರಕ್ಷಾ ಎದ್ದಳು, ಮೌನ ಹೋಯಿತು.

ಭಾನುವಾರ ಅವ್ವ ದುರುಗಕ್ಕನ ಫೋನು ಬರುತ್ತಿತ್ತು.

"ಆಡ್ಸಿದ್ರಾ?"

"ಇಲ್ಲವ್ವ."

"ಕೂಗ್ತಾರೆ ಬಿಡು. ಮೊದ್ಲೇ ಹೋಗಿ ನಿಂತ್ಕಂಡು ಬಾಯಿಗೆ ಬೀಳಬ್ಯಾಡ."

ಅದು ಊರಿನ ಮಾತು. ಅವರ ಬೀದಿಗೆ ನೀರಿನ ಟ್ಯಾಂಕರ್ ಬಂದಾಗ ಎಲ್ಲರೂ ಕೊಡಗಳನ್ನು ಸಾಲಿಗಿಟ್ಟು ಮನೆಯೊಳಗೆ ಹೋಗುತ್ತಾರೆ. ಉಚ್ಚಂಗಮ್ಮಜ್ಜಿ ಪೈಪು ಹಿಡಿದು ಒಂದೊಂದೇ ಮನೆಯನ್ನು ಕೂಗುತ್ತಾಳೆ. ಕೂಗುವ ಮೊದಲೇ ಹೋಗಿ ಕೊಡದ ಪಕ್ಕ ನಿಂತರೆ, "ಏನು, ನಿಮ್ಮನೇಗೆ ಮಾತ್ರ ಗಂಟ್ಲು ಒಣಗೈತಾ?" ಎಂಬ ಅಜ್ಜಿಯ ಮಾತು ಊರಾಚೆಯ ಹೊಲದವರೆಗೂ ಕೇಳಿಸುತ್ತದೆ. ಕೂಗಿದ ಮೇಲೆ ಹೋಗುವುದು ಮರ್ಯಾದೆ. ಪುಷ್ಪಾ ಇದನ್ನು ಯಾರಿಂದಲೂ ಕಲಿತದ್ದಲ್ಲ. ನಡೆಯಲು ಕಲಿತಂತೆ ಕಲಿತದ್ದು.

ಈ ವರ್ಷ ಕಾಲೇಜುಗಳ ಟೂರ್ನಮೆಂಟಿನ ಫೈನಲ್ ಚನ್ನಗಿರಿಯಲ್ಲೇ ಇತ್ತು. ವಿಶ್ವವಿದ್ಯಾಲಯದ ತಂಡಕ್ಕೆ ಹುಡುಗಿಯರನ್ನು ಆರಿಸುವವರು ಅಲ್ಲಿಗೆ ಬರುತ್ತಾರೆಂದು ಸುದ್ದಿ. ಆರಿಸುವವರು ಆಡಿದವರನ್ನು ನೋಡುತ್ತಾರೆ, ಟವೆಲ್ ಮಡಿಸಿದವರನ್ನಲ್ಲ. ಅದಕ್ಕೂ ಮೊದಲು ಒಂದು ಸಲ, ಒಂದೇ ಒಂದು ಸಲ, ಕೋರ್ಟಿನ ಒಳಗೆ ಕಾಲಿಡಬೇಕು ಎಂಬುದೊಂದೇ ಅವಳಿಗಿದ್ದ ಯೋಚನೆ. ಓದಲು ಕೂತರೂ ಅದೇ, ಊಟಕ್ಕೆ ಕೂತರೂ ಅದೇ.

ಸೆಮಿಫೈನಲ್ ಹೊನ್ನಾಳಿಯಲ್ಲಿ. ಬಿಸಿಲು ಇಳಿಯುವ ಹೊತ್ತು. ಮೂರನೆಯ ಕ್ವಾರ್ಟರಿನಲ್ಲಿ ಲಲಿತಾಬಾಯಿ ಕೈ ಎತ್ತಿದಳು. ಬೆಂಚು ಸುಮ್ಮನಾಯಿತು. ಪುಷ್ಪಾ ಅಭ್ಯಾಸಬಲದಿಂದ ತುದಿಯತ್ತ ನೋಡಿದಳು. ರಕ್ಷಾ ಬಗ್ಗಿ ಕಾಲಿನ ಪಟ್ಟಿ ಬಿಚ್ಚಿ ಮತ್ತೆ ಸುತ್ತಿಕೊಳ್ಳುತ್ತಿದ್ದಳು. ಪಟ್ಟಿ ಉದ್ದ, ಅರ್ಧ ಸುತ್ತಿತ್ತು. ಮೌನ ಎಂದಿಗಿಂತ ಹೆಚ್ಚು ಹೊತ್ತು ನಿಂತಿತು. ಕೋರ್ಟಿನೊಳಗಿಂದ ಲಲಿತಾಬಾಯಿ, ಎತ್ತಿದ ಕೈ ಇಳಿಸದೆಯೇ, ನೇರ ಪುಷ್ಪಾಳತ್ತ ನೋಡಿ ಗದ್ದ ಮೇಲೆತ್ತಿದಳು. ಏಳು, ಎಂಬಂತೆ.

ಪುಷ್ಪಾ ಎದ್ದಳು. ಸರ್ ಮುಖ ನೋಡಿದಳು. ಅವರು ರಿಂಗು ನೋಡುತ್ತಿದ್ದರು. ಜರ್ಕಿನ್ ಕಳಚುವಾಗ ಜಿಪ್ಪು ಅರ್ಧಕ್ಕೆ ಸಿಕ್ಕಿಕೊಂಡಿತು, ತಲೆಯ ಮೇಲಿಂದಲೇ ಎಳೆದು ಬಿಸಾಡಿ ಟೇಬಲ್ಲಿಗೆ ಹೋದಳು. ಬಜರ್ ಕೂಗಿತು.

ಒಳಗೆ ಹೋದ ಮೇಲೆ ಏನಾಯಿತೆಂದು ಆಮೇಲೆ ಅವಳಿಗೆ ಕ್ರಮವಾಗಿ ನೆನಪಾಗಲಿಲ್ಲ. ಮೊದಲ ಚೆಂಡು ಕೈಗೆ ಬಂದಾಗ ಅದು ಬಿಸಿಲಿಗೆ ಕಾದು ಬೆಚ್ಚಗಿತ್ತು. ಎದುರಿನವಳು ಎತ್ತರದವಳು, ಕೈ ಚಾಚಿದಳು, ಪುಷ್ಪಾ ಅವಳ ಕೈಯ ಕೆಳಗಿನಿಂದ ಹೋದಳು. ಯಶೋಧರಾಳಿಗೆ ಪಾಸ್. ಬುಟ್ಟಿ. ಯಶೋಧರಾ ಓಡುತ್ತಲೇ, "ಇಷ್ಟು ದಿವ್ಸ ಎಲ್ಲಿಟ್ಟಿದ್ದೆ ಇದನ್ನ?" ಎಂದಳು. ಅದೊಂದು ಮಾತು ಸಾಕಾಯಿತು. ಅದರ ಮೇಲೆಯೇ ಅವಳು ಓಡಿದಳು. ಎರಡು ಸಲ ತಾನೇ ಚೆಂಡು ಹಾಕಿದಳು, ಒಂದು ಸಲ ಕಾಲಿಗೆ ಬಡಿದು ಚೆಂಡು ಹೊರಗೆ ಹೋಯಿತು, ಅದಕ್ಕೂ ಯಾರೂ ಬೈಯಲಿಲ್ಲ. ಕೊನೆಯ ಕ್ವಾರ್ಟರು ಶುರುವಾಯಿತು. ಅವಳನ್ನು ಯಾರೂ ಹೊರಗೆ ಕರೆಯಲಿಲ್ಲ. ಸರ್ ಕುರ್ಚಿಯಿಂದ ಅಲುಗಲಿಲ್ಲ. ಹಾಗಾದರೆ ತನ್ನ ಆಟ ಅವರಿಗೆ ಹಿಡಿಸಿದೆ, ಇರಲಿ ಎಂದು ಬಿಟ್ಟಿದ್ದಾರೆ.

ಬೆಂಚಿನ ತುದಿಯಲ್ಲಿ ರಕ್ಷಾ ನಿಂತಿದ್ದಳು. ಕಾಲಿನ ಪಟ್ಟಿ ಕಟ್ಟಿ ಮುಗಿದಿತ್ತು. ಜರ್ಕಿನ್ ಕಳಚಿ, ಜರ್ಸಿಯನ್ನು ಚಡ್ಡಿಯೊಳಗೆ ಸೇರಿಸಿ, ಎರಡೂ ಕೈ ಇಳಿಬಿಟ್ಟು ನಿಂತಿದ್ದಳು. ಆಟ ಮುಗಿಯುವವರೆಗೂ ಹಾಗೆಯೇ ನಿಂತಿದ್ದಳು. ಪುಷ್ಪಾ ನೋಡಿದಳು. ಹೊಟ್ಟೆಕಿಚ್ಚು ಎಂದುಕೊಂಡಳು.

ತಂಡ ಗೆದ್ದಿತು. ಚನ್ನಗಿರಿಗೆ ಮರಳುವ ಬಸ್ಸಿನಲ್ಲಿ ಮಂಡಕ್ಕಿಯ ದೊಡ್ಡ ಪೊಟ್ಟಣ ಮುಂದಿನ ಸೀಟಿನಿಂದ ಹಿಂದಕ್ಕೆ ಕೈಯಿಂದ ಕೈಗೆ ಬಂತು. ಪುಷ್ಪಾಳ ಸೀಟಿನ ಹತ್ತಿರ ಬಂದಾಗ ಅದು ಅವಳ ತಲೆಯ ಮೇಲಿಂದ ಹಿಂದಿನ ಸೀಟಿಗೆ ಹೋಯಿತು. ಮೆಣಸಿನಕಾಯಿ ಬಜ್ಜಿಯ ವಾಸನೆ ಮಾತ್ರ ಉಳಿಯಿತು. ಗೆದ್ದ ತಂಡದ ಬಸ್ಸಿನಲ್ಲಿ ಹಾಡಬೇಕಿತ್ತು. ಯಾರೂ ಹಾಡಲಿಲ್ಲ. ಅವಳು ಕಿಟಕಿಯಾಚೆ ನೋಡುತ್ತ, ಆಡಿದವರಿಗೆ ಇದೂ ಒಂದು ಬೆಲೆ ಇರಬೇಕು ಎಂದುಕೊಂಡಳು.

ಮರುದಿನ ಬೆಳಗ್ಗೆ ಹಾಸ್ಟೆಲ್ಲಿನ ಬಟ್ಟೆ ಒಗೆಯುವ ಕಲ್ಲಿನ ಬಳಿ ಲಲಿತಾಬಾಯಿ ಸಿಕ್ಕಳು. ಜರ್ಸಿಗೆ ಸೋಪು ಹಚ್ಚುತ್ತಿದ್ದವಳು ತಲೆ ಎತ್ತದೆಯೇ ಕೇಳಿದಳು.

"ಕೈ ಯಾಕೆ ಎತ್ಲಿಲ್ಲ ನೀನು?"

"ಯಾವ ಕೈ?"

"ನಿಂದು ಮುಗಿದ ಮೇಲೆ. ರಕ್ಷಾ ನಿಂತಿದ್ಲಲ್ಲ."

"ಸರ್ ಕರೀಲಿಲ್ಲ."

ಲಲಿತಾಬಾಯಿಯ ಕೈ ನಿಂತಿತು. ಅವಳು ಪುಷ್ಪಾಳ ಮುಖವನ್ನು ದಿಟ್ಟಿಸಿ ನೋಡಿದಳು, ತಮಾಷೆ ಮಾಡುತ್ತಿದ್ದಾಳೋ ಎಂದು. ಆಮೇಲೆ ಒದ್ದೆ ಜರ್ಸಿಯನ್ನು ಕಲ್ಲಿನ ಮೇಲೆ ಬಿಟ್ಟು ಕುಕ್ಕರಗಾಲಿನಲ್ಲಿ ಕೂತಳು.

"ಅಯ್ಯೋ ನಿನ್ನ. ಸರ್ ಯಾವತ್ತೇ ಕರೆದವ್ರೆ ಯಾರ್ನಾದ್ರೂ? ಇದು ಗದ್ದೆಗೆ ಬಿಡೋ ಚಾನಲ್ ನೀರಿನ ಲೆಕ್ಕ ಕಣೆ. ಪಾಳಿ. ಹಾಫಿಗೊಂದು ಸುತ್ತು. ನಂದು, ಆಮೇಲೆ ನಿಂದು, ಆಮೇಲೆ ರಕ್ಷಾಂದು. ನೀರಿನ ಮಡೆ ಯಾರೂ ತೆಗೆದು ಕೊಡಲ್ಲ, ನಿನ್ನ ಪಾಳಿ ಬಂದಾಗ ನೀನೇ ಹೋಗಿ ತೆಗೀಬೇಕು. ಮುಗಿದಾಗ ನೀನೇ ಕಟ್ಟಬೇಕು. ಒಳಗಿನವಳು ಕೈ ಎತ್ತೋವರೆಗೂ ಹೊರಗಿನವಳು ಟೇಬಲ್ ಹತ್ರ ಹೋಗಂಗಿಲ್ಲ."

"ನನ್ನ ಪಾಳಿ?"

"ಮತ್ತೆ? ನಾನು ಪ್ರತಿ ಸಲ ಕೈ ಎತ್ತಿ ಯಾರಿಗೆ ಕಾಯ್ತಿದ್ದೆ ಅನ್ಕಂಡೆ? ನೀನು ಏಳಲ್ಲ. ನೀನು ಏಳಲಿಲ್ಲ ಅಂದ್ರೆ ರಕ್ಷಾ ಏಳ್ತಾಳೆ. ಹರಿಯೋ ನೀರು ಬಿಡಾಕಾಗ್ತೈತಾ?"

ಪುಷ್ಪಾಳಿಗೆ ನ್ಯಾಮತಿ ನೆನಪಾಯಿತು, ಅದಕ್ಕಿಂತ ಹಿಂದಿನ ಮ್ಯಾಚುಗಳು ನೆನಪಾದವು. ಬೆಂಚು ಸುಮ್ಮನಾಗುತ್ತಿದ್ದ ಆ ಕ್ಷಣಗಳು ಒಂದೊಂದಾಗಿ. ಬಾಟಲಿ ಎತ್ತಿದವರು ಎತ್ತಿದಂತೆಯೇ ಇದ್ದದ್ದು, ಯಾರೂ ಯಾರ ಮುಖವನ್ನೂ ನೋಡದೆ ಇದ್ದದ್ದು. ಅಷ್ಟು ಜನ ಅವಳಿಗಾಗಿ ಕಾಯುತ್ತಿದ್ದರು. ಆ ಮೌನ ಅವಳದ್ದೇ ಆಗಿತ್ತು.

"ನನಗೆ ಯಾರೂ ಹೇಳ್ಲಿಲ್ಲ," ಎಂದಳು.

"ಇದನ್ನೂ ಹೇಳ್ತಾರಾ ಅನ್ಕಂಡಿದ್ರು ಅವ್ರು. ಅವ್ರೆಲ್ಲ ಗದ್ದೆ ಬದುವಿನ ಮೇಲೆ ಹುಟ್ಟಿದೋರು. ನಂಗೂ ಹೋದ ವರ್ಷ ಗೊತ್ತಿರ್ಲಿಲ್ಲ, ಯಶಕ್ಕನ್ನ ಕೇಳಿದೆ. ನೀನು ಯಾರ್ನ ಕೇಳ್ದೆ? ನಾವು ಜಂಬ ಅನ್ಕಂಡ್ವಿ. ಸರ್ ಎದ್ದು ಬಂದು ಕೈ ಹಿಡ್ದು ಕರ್ಕಂಡು ಹೋಗ್ಲಿ ಅಂತ ಕುಂತವ್ಳೆ ರಾಣಿ, ಅಂತ." ಲಲಿತಾಬಾಯಿ ಮತ್ತೆ ಜರ್ಸಿ ಎತ್ತಿಕೊಂಡಳು. "ಈಗ ನೀರು ಕದ್ದೋಳು ಅಂತಾರೆ. ಅದು ಜಂಬಕ್ಕಿಂತ ಕೆಟ್ಟ ಮಾತು."

ಸಂಜೆ ಪ್ರಾಕ್ಟೀಸು ಮುಗಿದ ಮೇಲೆ ಪುಷ್ಪಾ ರಕ್ಷಾಳ ಹಿಂದೆ ಸೈಕಲ್ ಸ್ಟ್ಯಾಂಡಿನವರೆಗೂ ಹೋದಳು. ಅಡಿಕೆ ಬೇಯಿಸುವ ವಾಸನೆ ಊರ ಮೇಲೆಲ್ಲ ಕೂತಿತ್ತು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದಳು. ಬಾಯಿ ತೆರೆದಾಗ ಬೇರೆಯೇ ಬಂತು.

"ಇಷ್ಟು ದಿನ ನನ್ನ ಪಾಳೀನೂ ನೀನೇ ಆಡಿದ್ದೀಯ."

"ಓಹೋ, ಬಾಯಿ ಐತೆ," ಎಂದಳು ರಕ್ಷಾ. ಸೈಕಲ್ಲಿನ ಬೀಗ ತೆಗೆದು ನೆಟ್ಟಗೆ ನಿಂತಳು. "ಹೌದು, ಆಡಿದ್ದೀನಿ. ನೀನು ಬಿಟ್ಟಿದ್ದನ್ನ ನಾನು ತಗಂಡೆ. ನಾನು ಬಿಟ್ಟಿರ್ಲಿಲ್ಲ. ನಾನು ನಿಂತಿದ್ದೆ."

"ನನಗೆ ಗೊತ್ತಿರ್ಲಿಲ್ಲ."

"ಇರ್ಬಹುದು. ನಿಂತಿದ್ದೋಳಿಗೆ ಅದೆಲ್ಲ ಹೆಂಗೆ ಗೊತ್ತಾಗಬೇಕು? ನಮ್ಮೂರೋರು ಹೊನ್ನಾಳಿಗೆ ಬಂದಿದ್ರು, ನಮ್ಮಣ್ಣ ಬಂದಿದ್ದ. ಅವನೆದುರಿಗೆ ಜರ್ಕಿನ್ ಬಿಚ್ಕಂಡು ಕಂಬದಂಗೆ ನಿಂತಿದ್ದೆ." ರಕ್ಷಾ ಸೈಕಲ್ ಹತ್ತಿದಳು. "ಹೋಗ್ಲಿ ಬಿಡು ಸ್ಟಾರು. ಚೆನ್ನಾಗೇ ಆಡ್ದೆ."

ಕೊನೆಯ ಮಾತನ್ನು ಅವಳು ಬೈಗುಳದ ದನಿಯಲ್ಲೇ ಹೇಳಿದ್ದರಿಂದ, ಅದು ನಿಜವೆಂದು ಪುಷ್ಪಾಳಿಗೆ ತಿಳಿಯಿತು.

ಫೈನಲ್ಲಿನ ಹಿಂದಿನ ದಿನ ಸರ್ ಸ್ಟೂಲಿನ ಮೇಲೆ ನಿಂತು ರಿಂಗಿಗೆ ಹೊಸ ಬಲೆ ಕಟ್ಟುತ್ತಿದ್ದರು. ಪುಷ್ಪಾ ಹೋಗಿ ಸ್ಟೂಲು ಹಿಡಿದಳು. ಅವರು ಬೇಡವೆನ್ನಲಿಲ್ಲ.

"ಸರ್, ನನ್ನ ಪಾಳಿ ಇತ್ತು ಅಂತ ನಂಗೆ ಗೊತ್ತಿರ್ಲಿಲ್ಲ."

"ಹ್ಞೂಂ."

"ನೀವು ಒಂದ್ಸಲ ಕರೀಬಹುದಿತ್ತು."

ಸರ್ ಒಂದು ಕೊಂಡಿಗೆ ಗಂಟು ಹಾಕಿದರು, ಮುಂದಿನದಕ್ಕೆ ಕೈ ಹಾಕಿದರು. "ನಮ್ಮಪ್ಪ ಚಾನಲ್ಲಿನ ನೀರಗಂಟಿ ಆಗಿದ್ದ. ತೂಬು ಎತ್ತೋದು ಇಳಿಸೋದು ಅವನ ಕೆಲ್ಸ. ಒಬ್ರನ್ನೂ ಕರೀತಿರ್ಲಿಲ್ಲ. ನಾನು ಕರೆದು ಕೊಟ್ರೆ ನೀರು ನಂದಾಗಿಬಿಡ್ತೈತೆ ಅಂತಿದ್ದ."

"ನಮ್ಮ ಕಡೆ ಚಾನಲ್ ಇಲ್ಲ ಸರ್. ಟ್ಯಾಂಕರ್. ಕೂಗಿದ ಮೇಲೆ ಹೋಗ್ಬೇಕು."

ಸರ್ ಕೈ ನಿಂತಿತು. ಬಲೆಯ ದಾರವನ್ನು ಬೆರಳಿಗೆ ಸುತ್ತಿಕೊಂಡರು.

"ಅದು ನಂಗೆ ಹೊಳೀಲೇ ಇಲ್ಲ ನೋಡಮ್ಮ," ಎಂದರು. "ಆಡಾಕೆ ಭಯ ಇರ್ಬೇಕು ಅನ್ಕಂಡಿದ್ದೆ. ಕೆಲವ್ರಿಗೆ ಇರ್ತೈತೆ. ಕೇಳಿದ್ರೆ ಇನ್ನೂ ಜಾಸ್ತಿ ಆಗ್ತೈತೆ ಅಂತ ಸುಮ್ನಿದ್ದೆ."

"ಕದ್ದ ನೀರಿಗೆ ಏನು ಮಾಡ್ತಾರೆ ಸರ್?"

"ಏನೂ ಮಾಡಲ್ಲ. ಅವನ ಮುಂದಿನ ಪಾಳಿ ಬರ್ತೈತಲ್ಲ, ಅವತ್ತು ಏನು ಮಾಡ್ತಾನೆ ಅಂತ ನೋಡ್ತಾರೆ." ಅವರು ಮತ್ತೆ ಕೈ ಎತ್ತಿದರು. "ಸ್ಟೂಲು ಗಟ್ಟಿಯಾಗಿ ಹಿಡ್ಕೊ. ಒಂದು ಕಾಲು ಸರಿ ಇಲ್ಲ ಅದರದ್ದು."

ಅಂದು ಪುಷ್ಪಾ ಬಹಳ ಹೊತ್ತು ಲೆಕ್ಕ ಹಾಕಿದಳು. ತಾನು ಬಿಟ್ಟ ಪಾಳಿಗಳು ಎಷ್ಟೋ, ತೆಗೆದುಕೊಂಡದ್ದು ಒಂದು. ಯಾವ ತಕ್ಕಡಿಯಲ್ಲಿಟ್ಟರೂ ಬಾಕಿ ತನಗೇ ಬರಬೇಕು. ಆದರೆ ಪ್ರತಿ ಸಲ ಲೆಕ್ಕ ಮುಗಿಯುವ ಹೊತ್ತಿಗೆ ಬೆಂಚಿನ ತುದಿಯಲ್ಲಿ ಕೈ ಇಳಿಬಿಟ್ಟು ನಿಂತ ರಕ್ಷಾ ಕಾಣಿಸುತ್ತಿದ್ದಳು, ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತಿತ್ತು.

ಫೈನಲ್ಲಿನ ದಿನ ಕಾಂಪೌಂಡಿನ ಮೇಲೂ ಜನ ಕೂತಿದ್ದರು. ಅಡಿಕೆ ಮಂಡಿಯ ಹುಡುಗರು ಗೇಟಿನ ಬಳಿ ಗುಂಪಾಗಿದ್ದರು. ಶಾಮಿಯಾನದ ಕೆಳಗೆ ಆಯ್ಕೆಗೆ ಬಂದ ಮೇಡಂ, ತಂಪು ಕನ್ನಡಕ ತಲೆಯ ಮೇಲೆ ಏರಿ ಕೂತಿತ್ತು. ಅವರ ಪಕ್ಕ ಇಬ್ಬರು. ಮೂವರ ಕೈಯಲ್ಲೂ ಚಹಾದ ಲೋಟ.

ಮೊದಲ ಹಾಫಿನಲ್ಲಿ ಲಲಿತಾಬಾಯಿ ತನ್ನ ಪಾಳಿ ಮುಗಿಸಿ ಕೈ ಎತ್ತಿದಳು.

ಬೆಂಚು ಸುಮ್ಮನಾಯಿತು. ಈ ಸಲ ಪುಷ್ಪಾಳಿಗೆ ಗೊತ್ತಿತ್ತು, ಅವಳಿಗೆ ಗೊತ್ತಿದೆ ಎಂದು ಉಳಿದವರಿಗೂ ಗೊತ್ತಿತ್ತು. ಅವಳು ಮಂಡಿಯ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದಳು. ಕಾಲುಗಳು ತಾವಾಗಿಯೇ ಏಳಲು ನೋಡಿದವು. ಕೋರ್ಟಿನಲ್ಲಿ ಲಲಿತಾಬಾಯಿಯ ಹುಬ್ಬು ಗಂಟಾಯಿತು.

"ರಕ್ಷಾ, ನಿಂದು. ಹೋಗು," ಎಂದಳು ಪುಷ್ಪಾ, ತಿರುಗದೆ.

"ನಂದು ಇನ್ನೂ ಬಂದಿಲ್ಲ."

"ಹೊನ್ನಾಳಿದು."

ರಕ್ಷಾಳ ಜರ್ಕಿನ್ನಿನ ಜಿಪ್ಪಿನ ಸದ್ದು ಕೇಳಿಸಿತು. ಅವಳು ಆ ಪಾಳಿಯನ್ನೂ, ಅದರ ಹಿಂದೆಯೇ ಬಂದ ತನ್ನ ಪಾಳಿಯನ್ನೂ ಆಡಿದಳು. ಚೆನ್ನಾಗಿ ಆಡಿದಳು. ಶಾಮಿಯಾನದ ಕೆಳಗೆ ಮೇಡಂ ಏನನ್ನೋ ಬರೆದುಕೊಂಡದ್ದು ಬೆಂಚಿನಿಂದ ಕಾಣಿಸಿತು. ಪುಷ್ಪಾ ಟವೆಲ್ ಮಡಿಸಿದಳು. ಮಡಿಸಿದ್ದನ್ನೇ ಬಿಡಿಸಿ ಮತ್ತೆ ಮಡಿಸಿದಳು.

ಎರಡನೆಯ ಹಾಫಿನಲ್ಲಿ ಲಲಿತಾಬಾಯಿಯ ಕೈ ಪೂರ್ತಿ ಮೇಲೇರುವಷ್ಟರಲ್ಲಿ ಪುಷ್ಪಾ ಟೇಬಲ್ಲಿನ ಬಳಿ ಇದ್ದಳು. ಬೆಂಚಿಗೆ ಸುಮ್ಮನಾಗಲು ಸಮಯವೇ ಸಿಗಲಿಲ್ಲ. ಹೊರಗೆ ಬರುತ್ತಿದ್ದ ಲಲಿತಾಬಾಯಿ, "ನಿಧಾನ ಮಾರಾಯ್ತಿ, ನಾನು ಇನ್ನೂ ಒಳಗೇ ಇದ್ದೀನಿ," ಎಂದಳು.

ಎದುರಾಳಿಗಳ ಏಳನೇ ನಂಬರಿನವಳು ಗಟ್ಟಿಗಿತ್ತಿ. ಮೊದಲ ಸಲ ಪುಷ್ಪಾಳ ಕೈಯಿಂದ ಚೆಂಡನ್ನು ಕಸಿದುಕೊಂಡೇ ಹೋದಳು. ಎರಡನೆಯ ಸಲ ಪುಷ್ಪಾ ಇನ್ನೂ ಕೆಳಗೆ ಬಗ್ಗಿದಳು. ದಾಟಿದಳು. ಹಳೆಯ ಗೋಡೆಯ ಸಣ್ಣ ರಿಂಗಿಗೆ ಹಾಕುವಂತೆ ಹಾಕಿದಳು, ಸರ್ ಕಟ್ಟಿದ ಬಲೆ ಮೇಲಕ್ಕೆ ಹಾರಿ ಬಿತ್ತು. ಮತ್ತೊಂದು. ಕಾಂಪೌಂಡಿನ ಮೇಲಿನವರು ಸಿಳ್ಳೆ ಹಾಕಿದರು. ಕೊನೆಯ ಕ್ವಾರ್ಟರಿಗೆ ಬಂದಾಗ ಅಂಕಗಳು ಸಮ. ಅವಳಿಗೆ ದಣಿವಿರಲಿಲ್ಲ. ಚೆಂಡು ಎಲ್ಲಿ ಬೀಳುತ್ತದೆಂದು ಅದು ಬೀಳುವ ಮೊದಲೇ ತಿಳಿಯುತ್ತಿತ್ತು, ಅಂಥ ಹೊತ್ತು ಅದು. ಶಾಮಿಯಾನದ ಕೆಳಗೆ ಮೇಡಂ ಲೋಟ ಕೆಳಗಿಟ್ಟು, ಅವಳತ್ತ ನೋಡುತ್ತ, ಪಕ್ಕದವರ ಕಿವಿಗೆ ಬಗ್ಗಿ ಏನೋ ಕೇಳಿದರು.

ಗಡಿಯಾರ ಅವಳ ಪಾಳಿಯನ್ನು ದಾಟಿತ್ತು. ಬೆಂಚಿನ ತುದಿಯಲ್ಲಿ ರಕ್ಷಾ ನಿಂತಿದ್ದಳು. ಜರ್ಕಿನ್ ಇಲ್ಲ, ಜರ್ಸಿಯನ್ನು ಒಳಗೆ ಸೇರಿಸಿದ್ದಾಳೆ, ಕೈಗಳು ಖಾಲಿ. ಅವಳು ಪುಷ್ಪಾಳನ್ನು ನೋಡುತ್ತಿರಲಿಲ್ಲ. ಸರ್ ಕೂಡ ನೋಡುತ್ತಿರಲಿಲ್ಲ.

ಚೆಂಡು ಗೆರೆ ದಾಟಿ ಹೊರಗೆ ಹೋಯಿತು. ಸೀಟಿ. ಆಗ ಬೆಂಚು ಸುಮ್ಮನಾಯಿತು. ಒಳಗಿನಿಂದಲೂ ಆ ಮೌನ ಕೇಳಿಸುತ್ತದೆಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಪುಷ್ಪಾ ಬಲಗೈ ಎತ್ತಿದಳು.

"ಏ, ಈಗ್ಲೇನೇ?" ಯಶೋಧರಾ ಹಲ್ಲು ಕಚ್ಚಿ ಪಿಸುಗುಟ್ಟಿದಳು. "ಕೈ ಕುದುರೈತೆ ನಿಂದು, ಇರು ಸ್ವಲ್ಪ!"

"ನಂದು ಆಯ್ತು ಯಶಕ್ಕ."

ಬಜರ್ ಕೂಗಿತು. ಗೆರೆಯ ಬಳಿ ಇಬ್ಬರೂ ಎದುರಾದರು.

"ಆ ಏಳನೇ ನಂಬರು ಯಾವ ಕಡೆ ತಿರುಗ್ತಾಳೆ?" ಎಂದಳು ರಕ್ಷಾ.

"ಎಡಕ್ಕೇ. ಬಲಕ್ಕೆ ಹೋಗಂಗೆ ಮಾಡ್ತಾಳೆ, ಹೋಗಲ್ಲ."

"ಹ್ಞೂಂ."

ಅಷ್ಟೇ. ಪುಷ್ಪಾ ಬೆಂಚಿಗೆ ಬಂದಾಗ ಸರ್ ರಿಂಗಿನಿಂದ ಕಣ್ಣು ತೆಗೆಯದೆ, ಕುರ್ಚಿಯ ಪಕ್ಕದ ಜಾಗದಲ್ಲಿದ್ದ ತಮ್ಮ ಟವೆಲನ್ನು ಎತ್ತಿ ಹೆಗಲಿಗೆ ಹಾಕಿಕೊಂಡರು. ಅವಳು ಅಲ್ಲಿ ಕೂತಳು. ಬೆವರು ಕಣ್ಣಿಗಿಳಿದು ಉರಿಯಿತು. ಚೆಂಡಿನ ಸದ್ದು ಮತ್ತೆ ಶುರುವಾಯಿತು.

ಒಂದು ಬುಟ್ಟಿಯ ಅಂತರದಲ್ಲಿ ತಂಡ ಗೆದ್ದಿತು. ಆ ಬುಟ್ಟಿ ಯಶೋಧರಾಳದ್ದು, ಪಾಸ್ ರಕ್ಷಾಳದ್ದು. ಸಂಜೆ ಆಯ್ಕೆಯಾದವರ ಹೆಸರು ಓದಿದರು. ಯಶೋಧರಾ, ರಕ್ಷಾ. ಮೇಡಂ ಕಾರು ಹತ್ತಿ ಹೋದರು.

"ಆ ಮೇಡಂ ಬಗ್ಗಿ ನಿನ್ನ ಹೆಸ್ರು ಕೇಳಿದ್ರು ಅನ್ಕಂಡ್ಯಾ?" ಎಂದಳು ಲಲಿತಾಬಾಯಿ, ಕೋರ್ಟಿನ ಮೂಲೆಯಲ್ಲಿ ಚೆಂಡುಗಳನ್ನು ಚೀಲಕ್ಕೆ ತುಂಬುತ್ತ. "ಚಹಾ ಕೊಟ್ಟ ಹುಡುಗ ಅಲ್ಲೇ ಇದ್ನಂತೆ. ಸಕ್ಕರೆ ಜಾಸ್ತಿ ಆಗೈತೆ, ಇನ್ನೊಂದು ಲೋಟ ಸಿಗ್ತೈತಾ ಅಂದ್ರಂತೆ."

ಪುಷ್ಪಾಳಿಗೆ ನಗು ಬಂತು. ತಂಡದ ಎದುರು ಅವಳು ನಕ್ಕಿದ್ದು ಅದೇ ಮೊದಲು. ಲಲಿತಾಬಾಯಿ ಆಶ್ಚರ್ಯದಿಂದ ನೋಡಿದಳು.

ಹಾಸ್ಟೆಲ್ಲಿಗೆ ಬಂದು ಕಾಲು ತೊಳೆಯುವಷ್ಟರಲ್ಲಿ ಅವ್ವನ ಫೋನು.

"ಆಡ್ಸಿದ್ರಾ?"

"ಆಡಿದೆ ಅವ್ವ."

"ನೋಡು, ನಾನು ಹೇಳ್ಲಿಲ್ವಾ? ಹೆಸ್ರು ಕೂಗಿದ್ರಾ?"

"ಇಲ್ಲ. ಇಲ್ಲಿ ಕೂಗಲ್ಲ."

"ಮತ್ತೆ ಹೆಂಗೆ ಹೋದೆ?"

"ಎದ್ದು ಹೋದೆ."

"ನೀನಾಗೇ?"

"ಹ್ಞೂಂ. ಹೊರಗೆ ಬಂದಿದ್ದೂ ನಾನಾಗೇ."

ಆ ಕಡೆ ಟ್ಯಾಂಕರಿನ ಇಂಜಿನ್ನು ಗುರುಗುಟ್ಟುತ್ತಿತ್ತು, ಕೊಡಗಳು ಒಂದಕ್ಕೊಂದು ತಾಗುತ್ತಿದ್ದವು. ಪುಷ್ಪಾ ಕಾದಳು. ಬಿಡಿಸಿ ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ದೂರದಿಂದ, ಇಡೀ ಬೀದಿಗೆ ಕೇಳುವಂತೆ, ಉಚ್ಚಂಗಮ್ಮಜ್ಜಿಯ ದನಿ ಬಂತು. "ತಿಪ್ಪೇಶಪ್ಪನ ಮನೇರು!"

"ಕೂಗಿದ್ಲು, ಇಡ್ತೀನಿ," ಎಂದಳು ಅವ್ವ. ಫೋನು ಕಟ್ಟಾಯಿತು.